ತಿಂಗಳ ಕಂತಿನ ಆರೋಗ್ಯ ವಿಮೆ: ಕೊಳ್ಳುವ ಮೊದಲು ಹದಿನೈದು ದಿನದ ಲೆಕ್ಕ ತಿಳಿದಿರಲಿ

ಗೋಕುಲ ರಸ್ತೆ, ತಾರಿಹಾಳದ ಕಾರ್ಖಾನೆಗಳಲ್ಲಿ ದುಡಿಯುವವರಿಗಾಗಲಿ, ದುರ್ಗದಬೈಲಿನ ಅಂಗಡಿಕಾರರಿಗಾಗಲಿ, ಗದಗ-ಬೆಟಗೇರಿಯ ನೇಕಾರರಿಗಾಗಲಿ ಆರೋಗ್ಯ ವಿಮೆ ಮಾರಲು ಬರುವವರು ಈಗ ಮೊದಲು ಹೇಳುವುದು ಒಂದೇ ಮಾತು: "ವರ್ಷದ್ದು ಒಮ್ಮೆಲೇ ಕಟ್ಟೋದು ಬ್ಯಾಡ್ರಿ, ತಿಂಗಳಿಗೆ ಇಷ್ಟ ಕಟ್ರಿ ಸಾಕು." ಹದಿನೆಂಟು ಸಾವಿರ ರೂಪಾಯಿ ಒಂದೇ ಸಲ ಎತ್ತಿಡುವುದು ಮಧ್ಯಮ ವರ್ಗದ ಮನೆಗೆ ಭಾರ. ಒಂದೂವರೆ ಸಾವಿರವನ್ನಾದರೆ ಪಗಾರದಲ್ಲಿ ಹೇಗೋ ಹೊಂದಿಸಬಹುದು. ಸೌಲಭ್ಯ ಒಳ್ಳೆಯದೇ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2019ರಲ್ಲಿ ಪ್ರೀಮಿಯಂ ಅನ್ನು ಕಂತಿನಲ್ಲಿ ಕಟ್ಟಿಸಿಕೊಳ್ಳಲು ಕಂಪನಿಗಳಿಗೆ ದಾರಿ ಮಾಡಿಕೊಟ್ಟ ಮೇಲೆ ವಿಮೆಯೇ ಇಲ್ಲದ ಅನೇಕ ಮನೆಗಳಿಗೆ ಪಾಲಿಸಿ ಬಂದಿದೆ. ಆದರೆ ವರ್ಷಕ್ಕೊಮ್ಮೆ ಕಟ್ಟುವವರು ವರ್ಷಕ್ಕೆ ಒಂದು ಸಲ ತಪ್ಪಬಹುದು, ತಿಂಗಳಿಗೊಮ್ಮೆ ಕಟ್ಟುವವರು ಹನ್ನೆರಡು ಸಲ. ಈ ವಿಮರ್ಶೆ ಯಾವುದೋ ಒಂದು ಕಂಪನಿಯದ್ದಲ್ಲ, ಈ ತಿಂಗಳ ಕಂತಿನ ವ್ಯವಸ್ಥೆಯದ್ದು.

ಅಳತೆಗೋಲಾಗಿ ಆರೋಗ್ಯ ಸಂಜೀವಿನಿ ಪಾಲಿಸಿಯನ್ನು ಇಟ್ಟುಕೊಳ್ಳೋಣ. 2020ರ ಏಪ್ರಿಲ್ 1ರಿಂದ ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರಬೇಕಾದ ಪಾಲಿಸಿ ಇದು. ದರ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಪ್ರತಿ ಕ್ಲೇಮಿನಲ್ಲಿ ಶೇ 5ರಷ್ಟು ನಮ್ಮ ಕೈಯಿಂದ ಹೋಗುತ್ತದೆ. ರೂಮ್ ಬಾಡಿಗೆ ವಿಮಾ ಮೊತ್ತದ ಶೇ 2, ಗರಿಷ್ಠ ದಿನಕ್ಕೆ 5,000 ರೂಪಾಯಿ. ಐಸಿಯುಗೆ ಶೇ 5, ಗರಿಷ್ಠ 10,000. ಸರಳ ಪಾಲಿಸಿ, ತಿಂಗಳು, ಮೂರು ತಿಂಗಳು, ಆರು ತಿಂಗಳ ಕಂತಿಗೂ ಸಿಗುತ್ತದೆ. ಬೇರೆ ಪಾಲಿಸಿ ಇದ್ದವರೂ ಕಂತಿನ ಷರತ್ತುಗಳನ್ನು ಇದರ ಪಕ್ಕ ಇಟ್ಟು ಓದಬಹುದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. "ಮಂತ್ಲಿ" ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವ್ಯವಹಾರ ಮಾರಾಟವಾಗುತ್ತಿವೆ. ಒಂದು, ನಿಜವಾದ ಕಂತು: ಕಂಪನಿಯೇ ಪ್ರೀಮಿಯಂ ಅನ್ನು ಹನ್ನೆರಡು ಭಾಗ ಮಾಡಿ ತೆಗೆದುಕೊಳ್ಳುತ್ತದೆ, ಕಂತು ತಪ್ಪಿದರೆ ಪಾಲಿಸಿಗೇ ಪೆಟ್ಟು. ಇನ್ನೊಂದು, ಇಎಂಐ: ಕ್ರೆಡಿಟ್ ಕಾರ್ಡೋ ಸಾಲದ ಕಂಪನಿಯೋ ವರ್ಷದ ಪೂರ್ತಿ ಪ್ರೀಮಿಯಂ ಅನ್ನು ವಿಮಾ ಕಂಪನಿಗೆ ಕಟ್ಟಿಬಿಡುತ್ತದೆ, ನೀವು ಸಾಲ ತೀರಿಸುತ್ತಾ ಹೋಗುತ್ತೀರಿ. ಇದರಲ್ಲಿ ಪ್ರೀಮಿಯಂ ವಿಮಾ ಕಂಪನಿಗೆ ಮೊದಲೇ ಸಂದಾಯವಾಗಿರುತ್ತದೆ. ಇಎಂಐ ತಪ್ಪಿದರೆ ಸಾಲ ಬೆಳೆಯುತ್ತದೆ, ಸಾಲ ತೀರಿಸುವ ಶಿಸ್ತನ್ನು ಅಳೆಯುವ ಸಿಬಿಲ್ ಅಂಕ ಕೆಡುತ್ತದೆ. ಸಾಲದ ಕರಾರಿನಲ್ಲಿ ಪಾಲಿಸಿ ರದ್ದು ಮಾಡಿಸುವ ಅಧಿಕಾರ ಸಾಲ ಕೊಟ್ಟ ಕಂಪನಿಗೆ ಬರೆದುಕೊಟ್ಟಿದ್ದೀರಾ ಎಂದು ಮಾತ್ರ ನೋಡಿಕೊಳ್ಳಿ. ನಿಮ್ಮದು ಯಾವುದು ಎಂದು ತಿಳಿಯಲು ಏಜೆಂಟರನ್ನು ಕೇಳುತ್ತಾ ಕೂಡಬೇಕಿಲ್ಲ. ಪಾಲಿಸಿ ಶೆಡ್ಯೂಲಿನ ಮೊದಲ ಪುಟದಲ್ಲಿ ಪ್ರೀಮಿಯಂ ಪಾವತಿಯ ವಿಧಾನ ಎಂಬ ಸಾಲಿನಲ್ಲಿ ಮಂತ್ಲಿ ಎಂದಿದ್ದರೆ ಕಂತು, ಆ್ಯನ್ಯುಯಲ್ ಅಥವಾ ಸಿಂಗಲ್ ಎಂದಿದ್ದು ಹಣ ತಿಂಗಳು ತಿಂಗಳು ಹೋಗುತ್ತಿದ್ದರೆ ಅದು ಇಎಂಐ. ಮುಂದೆ ಹೇಳುವುದೆಲ್ಲ ನಿಜವಾದ ಕಂತಿನ ಬಗ್ಗೆ.

ಕಂತಿನ ದಿನ ದಾಟಿದ ಮೇಲೆ ಸಿಗುವ ರಿಯಾಯಿತಿ ಅವಧಿಗೆ ಗ್ರೇಸ್ ಪೀರಿಯಡ್ ಎನ್ನುತ್ತಾರೆ. ತಿಂಗಳ ಕಂತಿಗೆ 15 ದಿನ. ಮೂರು ತಿಂಗಳ, ಆರು ತಿಂಗಳ, ವರ್ಷದ ಪಾವತಿಗೆ 30 ದಿನ. 7ನೇ ತಾರೀಖಿನ ಕಂತಿಗೆ 22ನೇ ತಾರೀಖೇ ಕೊನೆ. ಆ 15 ದಿನದಲ್ಲಿ ಆಸ್ಪತ್ರೆ ಸೇರಿದರೆ ರಕ್ಷಣೆ ಉಂಟೋ ಇಲ್ಲವೋ ಎಂಬುದರಲ್ಲಿ ಹಳೆಯ ನಿಯಮ ಒಂದು, ಹೊಸದು ಇನ್ನೊಂದು. ಆರೋಗ್ಯ ಸಂಜೀವಿನಿಯ ಮೊದಲಿನ ಪುಸ್ತಿಕೆಯಲ್ಲಿ, ಕಂತಿನ ದಿನದಿಂದ ಹಣ ಕಂಪನಿಗೆ ಮುಟ್ಟುವ ದಿನದವರೆಗೆ ರಕ್ಷಣೆ ಇಲ್ಲ ಎಂದೇ ಅಚ್ಚಾಗಿತ್ತು. ಐಆರ್‌ಡಿಎಐ 2024ರ ಮೇ 29ರಂದು ಹೊರಡಿಸಿದ ಮಾಸ್ಟರ್ ಸರ್ಕ್ಯುಲರ್, ಅಂದರೆ ನಿಯಮಗಳನ್ನು ಒಟ್ಟುಗೂಡಿಸಿದ ಸುತ್ತೋಲೆ, ಅದನ್ನು ಬದಲಿಸಿತು: ಪಾಲಿಸಿ ಅವಧಿಯೊಳಗೆ ಕಂತಿನಲ್ಲಿ ಕಟ್ಟುವವರಿಗೆ ಗ್ರೇಸ್ ಅವಧಿಯಲ್ಲೂ ರಕ್ಷಣೆ ಇರುತ್ತದೆ. ಮನೆಯಲ್ಲಿ ಹಳೆಯ ಪುಸ್ತಿಕೆ ಇಟ್ಟುಕೊಂಡವರು ಹೊಸದನ್ನು ಕಂಪನಿಯ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ. ಆಸ್ಪತ್ರೆಯ ಕೌಂಟರಿನಲ್ಲಿ ವಾದ ಬಂದಾಗ ತೋರಿಸಲು ಆ ಒಂದು ಸಾಲು ಬೇಕಾಗುತ್ತದೆ. ತಡವಾಗಿ ಕಟ್ಟಿದ ಕಂತಿಗೆ ಬಡ್ಡಿ ಇಲ್ಲ, ಅದೂ ಷರತ್ತಿನಲ್ಲೇ ಇದೆ.

16ನೇ ದಿನ ಬಂದರೆ ಪಾಲಿಸಿ ರದ್ದು. ಇಲ್ಲಿ ನಮ್ಮ ಕಡೆಯ ಬಹಳ ಜನ ಎಡವುವುದು ಎಲ್‌ಐಸಿ ರೂಢಿಯಿಂದ. ಜೀವವಿಮೆಯ ಪಾಲಿಸಿ ಲ್ಯಾಪ್ಸ್ ಆದರೆ ಐದು ವರ್ಷದೊಳಗೆ ಬಾಕಿಯನ್ನು ಬಡ್ಡಿ ಸಮೇತ ಕಟ್ಟಿ, ಷರತ್ತು ಪೂರೈಸಿ ಮತ್ತೆ ಜೀವ ತುಂಬಬಹುದು. ಅದೇ ಧೈರ್ಯದಲ್ಲಿ "ಮುಂದಿನ ತಿಂಗಳು ಎರಡೂ ಸೇರಿಸಿ ಕಟ್ಟಿದರಾಯಿತು" ಎಂದು ಬಿಟ್ಟುಬಿಡುತ್ತಾರೆ. ಆರೋಗ್ಯ ವಿಮೆಯಲ್ಲಿ ಹಾಗೆ ಪುನರುಜ್ಜೀವನ ಕೇಳುವ ಹಕ್ಕು ಇಲ್ಲ. ಹೊಸ ಅರ್ಜಿ, ಹೊಸ ಆರೋಗ್ಯ ಪ್ರಶ್ನೆಗಳು, ಬೇಕಿದ್ದರೆ ಹೊಸ ತಪಾಸಣೆ. ಕೊಡುವುದೋ ಬಿಡುವುದೋ ಕಂಪನಿಯ ಇಷ್ಟ.

ಕಳೆದುಹೋಗುವುದು ಒಂದು ತಿಂಗಳ ಒಂದೂವರೆ ಸಾವಿರ ಅಲ್ಲ. ಸಕ್ಕರೆ ಕಾಯಿಲೆ, ಬಿಪಿಯಂಥ ಮೊದಲೇ ಇದ್ದ ಕಾಯಿಲೆಗಳಿಗೆ ಗರಿಷ್ಠ 36 ತಿಂಗಳ ಕಾಯುವಿಕೆ ಇರುತ್ತದೆ. 2024ರ ಮೊದಲು ಅದು 48 ಇತ್ತು. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಪಿತ್ತಕೋಶದ ಕಲ್ಲು ಇವಕ್ಕೆ ಆರೋಗ್ಯ ಸಂಜೀವಿನಿಯಲ್ಲಿ 24 ತಿಂಗಳು. ಮೊಣಕಾಲು ಕೀಲು ಬದಲಿಗೆ, ಅಪಘಾತದಿಂದಲ್ಲದಿದ್ದರೆ, ಇನ್ನೂ ಹೆಚ್ಚು. 34 ತಿಂಗಳು ಸರಿಯಾಗಿ ಕಟ್ಟಿ 35ನೆಯದ್ದನ್ನು ಕಳೆದುಕೊಂಡ ಸಕ್ಕರೆ ಕಾಯಿಲೆಯವರು ಮತ್ತೆ ಸೊನ್ನೆಯಿಂದ ಎಣಿಸಬೇಕು. ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಮೊದಲ 30 ದಿನದ ಕಾಯುವಿಕೆ ಮತ್ತೆ ಶುರು. 60 ತಿಂಗಳು ಸತತವಾಗಿ ನಡೆದ ಪಾಲಿಸಿಯಲ್ಲಿ, ಸಾಬೀತಾದ ಮೋಸ ಬಿಟ್ಟರೆ, "ನೀವು ಕಾಯಿಲೆ ಮುಚ್ಚಿಟ್ಟಿದ್ದಿರಿ" ಎಂದು ಕ್ಲೇಮ್ ತಿರಸ್ಕರಿಸುವಂತಿಲ್ಲ. ಆ ಎಣಿಕೆಯೂ ಅಳಿಸಿಹೋಗುತ್ತದೆ. ಕ್ಲೇಮ್ ಮಾಡದ ವರ್ಷಗಳಿಗೆ ಕೂಡಿದ್ದ ಬೋನಸ್ಸೂ ಹೋಯಿತು. ಐವತ್ತು ದಾಟಿದವರಿಗೆ ಇದು ಹಣದ ಮಾತಲ್ಲ, ಮತ್ತೆ ಪಾಲಿಸಿ ಸಿಗುತ್ತದೋ ಇಲ್ಲವೋ ಎಂಬ ಮಾತು.

ಹಾಗಾದರೆ ಕಂತು ತಪ್ಪುವುದೆಲ್ಲಿ? ರೊಕ್ಕ ಇಲ್ಲದೆ ತಪ್ಪುವುದಕ್ಕಿಂತ, ರೊಕ್ಕ ಇದ್ದೂ ಖಾತೆಯಿಂದ ಹೋಗದೆ ತಪ್ಪುವುದೇ ಬೇಸರದ ಸಂಗತಿ. ಈ ಸೌಲಭ್ಯದ ದುರ್ಬಲ ಜಾಗ ಇದೇ, ಆದ್ದರಿಂದ ಇದನ್ನು ವಿವರವಾಗಿ ನೋಡಬೇಕು.

ಹಣ ತಾನಾಗಿ ಕಡಿತವಾಗಲು ಕೊಡುವ ಒಪ್ಪಿಗೆಗೆ ಮ್ಯಾಂಡೇಟ್ ಎನ್ನುತ್ತಾರೆ. ಬ್ಯಾಂಕ್ ಖಾತೆಯ ಮೇಲೆ ನಾಚ್ (ಬ್ಯಾಂಕುಗಳ ನಡುವಿನ ಕಡಿತದ ವ್ಯವಸ್ಥೆ) ಮ್ಯಾಂಡೇಟ್, ಫೋನಿನ ಆ್ಯಪ್ ಮೂಲಕ ಯುಪಿಐ ಆಟೋಪೇ, ಕಾರ್ಡಿನ ಮೇಲೆ ಇ-ಮ್ಯಾಂಡೇಟ್, ಹೀಗೆ ಮೂರು ದಾರಿ. ಕಾಗದದ ನಾಚ್ ಫಾರ್ಮ್ ತುಂಬಿದರೆ ಸಹಿ ಹೊಂದದೆ ತಿರಸ್ಕಾರವಾಗುವುದು ಸಾಮಾನ್ಯ: ಖಾತೆ ತೆರೆದಾಗ ಕನ್ನಡದಲ್ಲಿ ಮಾಡಿದ ಸಹಿ ಬ್ಯಾಂಕಿನಲ್ಲಿರುತ್ತದೆ, ಈಗ ಇಂಗ್ಲಿಷಿನಲ್ಲಿ ಮಾಡಿರುತ್ತೀರಿ. ಸಾಧ್ಯವಿದ್ದರೆ ಡೆಬಿಟ್ ಕಾರ್ಡ್, ನೆಟ್ ಬ್ಯಾಂಕಿಂಗ್ ಅಥವಾ ಆಧಾರ್ ಓಟಿಪಿ ಮೂಲಕ ಇ-ನಾಚ್ ಮಾಡಿಸಿ. ನೋಂದಣಿಗೆ ಕೆಲವು ದಿನ ಹಿಡಿಯುತ್ತದೆ, ಕಾಗದದ್ದಾದರೆ ಇನ್ನೂ ಹೆಚ್ಚು. ಮೊದಲ ಕಂತನ್ನು ಕೈಯಾರೆ ಕಟ್ಟಿ, "ಮ್ಯಾಂಡೇಟ್ ಕೊಟ್ಟಾಯಿತಲ್ಲ" ಎಂದು ನಿಶ್ಚಿಂತೆಯಿಂದ ಕೂತಾಗ ಎರಡನೆಯ ಕಂತಿನ ದಿನ ಬಂದುಬಿಡುತ್ತದೆ, ಮ್ಯಾಂಡೇಟ್ ಇನ್ನೂ ಬ್ಯಾಂಕಿನಲ್ಲೇ ಇರುತ್ತದೆ. ಯುಎಂಆರ್‌ಎನ್ ಎಂಬ ನೋಂದಣಿ ಸಂಖ್ಯೆ ಎಸ್‌ಎಂಎಸ್‌ನಲ್ಲೋ ಇಮೇಲಿನಲ್ಲೋ ಬರುವವರೆಗೆ ಎರಡನೆಯ ಕಂತೂ ನಿಮ್ಮದೇ ಜವಾಬ್ದಾರಿ ಎಂದು ತಿಳಿಯಿರಿ.

ಮ್ಯಾಂಡೇಟಿನಲ್ಲಿ ಗರಿಷ್ಠ ಮೊತ್ತದ ಒಂದು ಅಂಕಣ ಇರುತ್ತದೆ. ಕಂತು 1,500 ಎಂದು ಅಲ್ಲೂ 1,500 ಬರೆದವರಿಗೆ ಮುಂದಿನ ವರ್ಷ ವಯಸ್ಸಿನ ಕಾರಣಕ್ಕೆ ಕಂತು 1,720 ಆದಾಗ ಕಡಿತವೇ ಆಗುವುದಿಲ್ಲ. 2,500 ಅಥವಾ 3,000 ಬರೆಯಿರಿ. ಅದು ಮೇಲ್ಮಿತಿ ಅಷ್ಟೇ, ಕಡಿತವಾಗುವುದು ಕಂತಿನಷ್ಟೇ. ಮ್ಯಾಂಡೇಟ್ ಮುಗಿಯುವ ದಿನಾಂಕವನ್ನೂ ನೋಡಿ.

ಯುಪಿಐ ಆಟೋಪೇ 2020ರಲ್ಲಿ ಬಂತು, ನೋಂದಣಿ ನಿಮಿಷಗಳಲ್ಲಿ ಮುಗಿಯುತ್ತದೆ. ವಿಮೆಯ ಪ್ರೀಮಿಯಂಗೆ ಒಂದು ಲಕ್ಷ ರೂಪಾಯಿವರೆಗೆ ಪ್ರತಿ ಸಲ ಪಿನ್ ಕೇಳುವುದಿಲ್ಲ. ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಬರಲೇಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಸೂಚನೆ ಬಾರದಿದ್ದರೆ ಮ್ಯಾಂಡೇಟ್ ನಿಂತಿರಬಹುದು, ತಕ್ಷಣ ಆ್ಯಪ್ ತೆರೆದು ನೋಡಿ. ಫೋನ್ ನಂಬರ್ ಬದಲಿಸಿದವರು, ಹಳೆಯ ಆ್ಯಪ್ ತೆಗೆದುಹಾಕಿದವರು, ಯುಪಿಐಗೆ ಜೋಡಿಸಿದ ಖಾತೆ ಮುಚ್ಚಿದವರು ಇಲ್ಲಿ ಸಿಕ್ಕಿಕೊಳ್ಳುತ್ತಾರೆ. ಇನ್ನೊಂದು ಮಾತು ವ್ಯಾಪಾರಸ್ಥರಿಗೆ. 2025ರ ಆಗಸ್ಟ್ 1ರಿಂದ ಆಟೋಪೇ ಕಡಿತಗಳು ದಟ್ಟಣೆ ಇಲ್ಲದ ಹೊತ್ತಿನಲ್ಲಿ ನಡೆಯುತ್ತವೆ: ಬೆಳಿಗ್ಗೆ 10ರೊಳಗೆ, ಮಧ್ಯಾಹ್ನ 1ರಿಂದ 5, ರಾತ್ರಿ 9.30ರ ನಂತರ. ಬೆಳಗಿನ ಗಲ್ಲಾ ರೊಕ್ಕವನ್ನು ಮಧ್ಯಾಹ್ನ ಬ್ಯಾಂಕಿಗೆ ತುಂಬುವ ಅಂಗಡಿಕಾರರ ಖಾತೆ ಬೆಳಿಗ್ಗೆ ಎಂಟಕ್ಕೆ ಬರಿದಾಗಿರುತ್ತದೆ. ಹಣ ಹಿಂದಿನ ದಿನ ರಾತ್ರಿಯೇ ಖಾತೆಯಲ್ಲಿರಬೇಕು. ನಾಚ್ ಕೂಡ 2021ರ ಆಗಸ್ಟ್ 1ರಿಂದ ಭಾನುವಾರ, ಹಬ್ಬದ ದಿನ ಸೇರಿ ಎಲ್ಲ ದಿನವೂ ನಡೆಯುತ್ತದೆ. "ನಾಳೆ ರಜೆ, ಕಡಿತ ಆಗಲಿಕ್ಕಿಲ್ಲ" ಎಂಬ ಹಳೆಯ ಲೆಕ್ಕ ಈಗ ನಡೆಯುವುದಿಲ್ಲ.

ಖಾತೆಯಲ್ಲಿ ಸರಿಯಾಗಿ ಕಂತಿನಷ್ಟೇ ಹಣ ಇಡುವುದು ಇನ್ನೊಂದು ತಪ್ಪು. 1,510 ರೂಪಾಯಿ ಇದೆ ಎಂದುಕೊಳ್ಳಿ. ಹಿಂದಿನ ಸಂಜೆ ಎಸ್‌ಎಂಎಸ್ ಶುಲ್ಕವೆಂದು ಬ್ಯಾಂಕ್ 17 ರೂಪಾಯಿ 70 ಪೈಸೆ ಕಡಿದರೆ ಉಳಿಯುವುದು 1,492 ರೂಪಾಯಿ 30 ಪೈಸೆ. 7 ರೂಪಾಯಿ 70 ಪೈಸೆ ಕಡಿಮೆ ಬಿದ್ದು ಕಂತು ವಾಪಸ್. ಮೇಲೆ ಮ್ಯಾಂಡೇಟ್ ರಿಟರ್ನ್ ಶುಲ್ಕವೆಂದು ಬ್ಯಾಂಕ್ ನೂರಾರು ರೂಪಾಯಿ ಕಡಿಯಬಹುದು, ಅದರ ಮೇಲೆ ಶೇ 18 ಜಿಎಸ್‌ಟಿ. ಆ ಕಡಿತದಿಂದ ಮುಂದಿನ ಪ್ರಯತ್ನವೂ ಸೋಲುತ್ತದೆ. ಎರಡು ಕಂತಿನಷ್ಟು ಹಣ ಸದಾ ಖಾತೆಯಲ್ಲಿ ಕೂತಿರಲಿ. ಪಗಾರ 7ಕ್ಕೋ 10ಕ್ಕೋ ಬರುವವರು ಪಾಲಿಸಿ ಶುರುವಾಗುವ ದಿನಾಂಕವನ್ನೇ 12ರ ಆಚೆಗೆ ಇರುವಂತೆ ಕೊಳ್ಳುವಾಗಲೇ ಹೊಂದಿಸಿಕೊಳ್ಳಿ. ಕಂತಿನ ದಿನಾಂಕ ಪಾಲಿಸಿ ಶುರುವಾದ ದಿನಾಂಕಕ್ಕೇ ಅಂಟಿಕೊಂಡಿರುತ್ತದೆ, ಆಮೇಲೆ ಬದಲಿಸುವುದು ಸುಲಭವಲ್ಲ.

ನಮ್ಮ ಭಾಗದವರು ಬ್ಯಾಂಕ್ ವಿಲೀನವನ್ನೂ ಗಮನಿಸಬೇಕು. ಧಾರವಾಡದಲ್ಲಿ ಮುಖ್ಯ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಂದು ವಿಲೀನವಾಗಿ, ಬಳ್ಳಾರಿ ಮುಖ್ಯ ಕಚೇರಿಯ ಕರ್ನಾಟಕ ಗ್ರಾಮೀಣ ಬ್ಯಾಂಕ್ ಒಂದೇ ಉಳಿಯಿತು. ಹಿಂದೆ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿದಾಗ, ಶಾಖೆಯನ್ನು ಗುರುತಿಸುವ ಅದರ ಹಳೆಯ ಐಎಫ್‌ಎಸ್‌ಸಿ ಸಂಖ್ಯೆಗಳು 2021ರ ಜುಲೈ 1ರಿಂದ ನಿಂತವು. ನಾಚ್ ಮ್ಯಾಂಡೇಟ್ ನಿಂತಿರುವುದೇ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಮೇಲೆ. ವಿಲೀನವಾದ ಬ್ಯಾಂಕಿನಲ್ಲಿ ಖಾತೆ ಇರುವವರು ಶಾಖೆಗೆ ಹೋಗಿ "ನನ್ನ ಖಾತೆಯ ಮೇಲಿನ ಮ್ಯಾಂಡೇಟ್‌ಗಳು ಚಾಲ್ತಿಯಲ್ಲಿವೆಯೇ" ಎಂದು ಒಮ್ಮೆ ಕೇಳಿ, ಹೊಸ ಪಾಸ್‌ಬುಕ್ಕಿನ ವಿವರವನ್ನು ವಿಮಾ ಕಂಪನಿಯ ದಾಖಲೆಯ ಜೊತೆ ತಾಳೆ ನೋಡಿ.

ಏಜೆಂಟರ ಕೈಗೆ ನಗದು ಕೊಡುವ ರೂಢಿ ಹಾವೇರಿ, ಗದಗಿನ ಹಳ್ಳಿಗಳಲ್ಲಿ ಇನ್ನೂ ಇದೆ. 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಮುಂಗಡವಾಗಿ ಬಾರದೆ ಕಂಪನಿ ಅಪಾಯದ ಹೊಣೆ ಹೊರುವಂತಿಲ್ಲ. ಏಜೆಂಟರು ತೆಗೆದುಕೊಂಡ ಹಣವನ್ನು, ಬ್ಯಾಂಕ್ ಮತ್ತು ಅಂಚೆ ರಜೆ ಬಿಟ್ಟು, 24 ಗಂಟೆಯೊಳಗೆ ಕಂಪನಿಗೆ ಮುಟ್ಟಿಸಬೇಕು. ಏಜೆಂಟರು ಎಷ್ಟೇ ಪ್ರಾಮಾಣಿಕರಿರಲಿ, ಗ್ರೇಸ್ ಅವಧಿಯ ಕೊನೆಯ ದಿನ ನಗದು ಕೊಡಬೇಡಿ. ನಗದಿನಲ್ಲಿ ಕಟ್ಟಿದ ಪ್ರೀಮಿಯಂಗೆ ಆದಾಯ ತೆರಿಗೆಯ 80ಡಿ ವಿನಾಯಿತಿಯೂ ಸಿಗುವುದಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಆ ವಿನಾಯಿತಿ 25,000 ರೂಪಾಯಿವರೆಗೆ, ಹಿರಿಯ ನಾಗರಿಕರ ಪಾಲಿಸಿಗೆ 50,000ದವರೆಗೆ.

ಕಂತು ಬೌನ್ಸ್ ಆದ ಎಸ್‌ಎಂಎಸ್ ಬಂದರೆ ಕಂಪನಿ ಮತ್ತೆ ಪ್ರಯತ್ನಿಸಲಿ ಎಂದು ಕಾಯಬೇಡಿ. ಅಂದೇ ಕಂಪನಿಯ ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ಪಾಲಿಸಿ ಸಂಖ್ಯೆ ಹಾಕಿ ಬಾಕಿ ಕಂತನ್ನು ನೇರವಾಗಿ ಕಟ್ಟಿ. ಎಸ್‌ಎಂಎಸ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. "ನಿಮ್ಮ ಪಾಲಿಸಿ ಇಂದು ರದ್ದಾಗುತ್ತದೆ" ಎಂದು ಹೆದರಿಸಿ ಹಣ ಹೊಡೆಯುವವರು ಇದ್ದಾರೆ. ಪಾವತಿಯ ಗುರುತಾದ ಯುಟಿಆರ್ ಸಂಖ್ಯೆ ಮತ್ತು ದಿನಾಂಕವಿರುವ ರಸೀದಿ ಎರಡನ್ನೂ ಫೋನಿನಲ್ಲಿ ಉಳಿಸಿ, ಮನೆಯ ಇನ್ನೊಬ್ಬರಿಗೂ ಕಳಿಸಿ. ಎರಡು ದಿನ ಬಿಟ್ಟು ಪಾಲಿಸಿಯ ಸ್ಥಿತಿ ಆ್ಯಕ್ಟಿವ್ ಎಂದು ತೋರಿಸುತ್ತದೆಯೇ ನೋಡಿ. ಕೈಯಾರೆ ಕಟ್ಟಿದ ಮೇಲೂ ಮ್ಯಾಂಡೇಟಿನ ಮರುಪ್ರಯತ್ನ ನಡೆದು ಎರಡು ಸಲ ಕಡಿತವಾದರೆ ಹೆಚ್ಚಿನದ್ದನ್ನು ವಾಪಸ್ ಕೇಳಬಹುದು ಅಥವಾ ಮುಂದಿನ ಕಂತಿಗೆ ಹೊಂದಿಸಲು ಹೇಳಬಹುದು. ರಸೀದಿಯ ಮಹತ್ವ ಗೊತ್ತಾಗುವುದು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ: ನಿನ್ನೆ ಕಟ್ಟಿದ ಹಣ ಕಂಪನಿಯ ಪುಸ್ತಕಕ್ಕೆ ಏರುವ ಮೊದಲೇ ಇಂದು ದಾಖಲಾದರೆ ಅಲ್ಲಿನ ಕಂಪ್ಯೂಟರಿನಲ್ಲಿ ಪಾಲಿಸಿ ನಿಂತಿರುವಂತೆ ಕಾಣಬಹುದು.

ಇನ್ನು ಕ್ಲೇಮಿನ ದಿನ. ಇದನ್ನು ಮಾರುವಾಗ ಹೇಳುವವರು ಕಡಿಮೆ, ಆದರೆ ಷರತ್ತಿನಲ್ಲಿ ಸ್ಪಷ್ಟವಾಗಿದೆ: ಕ್ಲೇಮ್ ಬಂದ ಕೂಡಲೇ ವರ್ಷದ ಉಳಿದ ಎಲ್ಲ ಕಂತುಗಳೂ ಒಮ್ಮೆಲೇ ಕಟ್ಟಬೇಕಾದವಾಗುತ್ತವೆ, ಕಂಪನಿ ಅವನ್ನು ಕ್ಲೇಮ್ ಹಣದಲ್ಲೇ ಮುರಿದುಕೊಳ್ಳಬಹುದು. ನಾಲ್ಕು ಕಂತು ಕಟ್ಟಿದ ಮೇಲೆ ಆಸ್ಪತ್ರೆ ಸೇರಿದಿರಿ, ಒಪ್ಪಿಗೆಯಾಗುವ ಬಿಲ್ 64,000. ಶೇ 5ರ ನಿಮ್ಮ ಪಾಲು 3,200 ಕಳೆದರೆ 60,800. ಉಳಿದ ಎಂಟು ಕಂತು, ತಲಾ 1,500ರಂತೆ 12,000 ಮುರಿದರೆ ಕಂಪನಿಯಿಂದ ಬರುವುದು 48,800. ಅಂದರೆ ಬಿಡುಗಡೆಯ ಹೊತ್ತಿಗೆ ನೀವು 15,200 ಹೊಂದಿಸಬೇಕು, ಗ್ಲೌಸ್, ಡೈಪರ್‌ನಂಥ ವಿಮೆಗೆ ಸೇರದ ಸಾಮಾನಿನ ಖರ್ಚು ಬೇರೆ. ಇದು ಅನ್ಯಾಯವಲ್ಲ, ವರ್ಷದ ರಕ್ಷಣೆಗೆ ವರ್ಷದ ಪ್ರೀಮಿಯಂ ಸಲ್ಲಬೇಕು. ಆದರೆ ಮೊದಲೇ ಗೊತ್ತಿರಬೇಕು. ಕಂತಿನ ಪಾಲಿಸಿ ಇರುವವರು ಉಳಿದ ಕಂತುಗಳ ಮೊತ್ತವನ್ನು ಎಲ್ಲಾದರೂ ಕೈಗೆ ಸಿಗುವಂತೆ ಇಟ್ಟಿರಬೇಕು. ಮುರಿದುಕೊಂಡ ಮೇಲೆ ಮುಂದಿನ ತಿಂಗಳು ಮ್ಯಾಂಡೇಟ್ ಮತ್ತೆ ಹಣ ಎಳೆಯಲಿಲ್ಲ ಎಂದು ಖಚಿತಪಡಿಸಿಕೊಳ್ಳಿ.

ಹನ್ನೆರಡನೆಯ ಕಂತು ಮುಗಿದ ಮೇಲೆ ನವೀಕರಣ ತಾನಾಗಿ ಆಗುತ್ತದೆ ಎಂದು ನಂಬಬೇಡಿ. ಹೊಸ ವರ್ಷದ ಪ್ರೀಮಿಯಂ ಬೇರೆ, ಮ್ಯಾಂಡೇಟಿನ ಅವಧಿಯೂ ಮುಗಿದಿರಬಹುದು. ಗ್ರೇಸ್ ಅವಧಿಯ ರಕ್ಷಣೆಯ ಮಾತು ಪಾಲಿಸಿ ಅವಧಿಯೊಳಗಿನ ಕಂತಿಗೆ ಹೇಳಿದ್ದು. ನವೀಕರಣ ತಡವಾದರೆ ಕಾಯುವಿಕೆಯ ಎಣಿಕೆ ಉಳಿಯಬಹುದು, ಆ ಖಾಲಿ ದಿನಗಳ ಆಸ್ಪತ್ರೆ ಬಿಲ್ ನಿಮ್ಮ ತಲೆಗೇ ಬರಬಹುದು. ಮುಗಿಯುವ ದಿನಕ್ಕೆ ಒಂದೂವರೆ ತಿಂಗಳು ಮೊದಲೇ ನವೀಕರಣದ ಪತ್ರ ತರಿಸಿಕೊಳ್ಳಿ. ಕಂಪನಿ ಬದಲಿಸುವ ವಿಚಾರವಿದ್ದರೂ ಅಷ್ಟು ಸಮಯ ಬೇಕು. ಹಳೆಯ ಲೆಕ್ಕದ ಮೇಲೆ ಜಿಎಸ್‌ಟಿ ಸೇರಿಸಿ ಹೇಳುವವರನ್ನು ಕೇಳಿ: ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ಪಾಲಿಸಿಗಳ ಮೇಲಿನ ಶೇ 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ.

ಯಾರಿಗೆ ಹೊಂದುತ್ತದೆ? ನಿಗದಿತ ದಿನ ಪಗಾರ ಬರುವವರಿಗೆ ತಿಂಗಳ ಕಂತು ಒಳ್ಳೆಯ ಆಯ್ಕೆ, ಖಾತೆಯಲ್ಲಿ ಎರಡು ಕಂತಿನ ಹಣ ಇಡುವ ಶಿಸ್ತಿದ್ದರೆ. ಅಂಗಡಿಕಾರರು, ಗಾಡಿ ಓಡಿಸುವವರು, ಗುತ್ತಿಗೆ ಕೆಲಸದವರಿಗೆ ಮೂರು ತಿಂಗಳ ಕಂತೇ ಮೇಲು: ವರ್ಷಕ್ಕೆ ನಾಲ್ಕೇ ಸಲ ಕಟ್ಟುವುದು, ಪ್ರತಿ ಸಲ 30 ದಿನದ ಗ್ರೇಸ್. ಇದನ್ನು ಯಾರೂ ಒತ್ತಿ ಹೇಳುವುದಿಲ್ಲ, ಆದರೆ ಒಟ್ಟು ವ್ಯವಸ್ಥೆಯಲ್ಲಿ ಹೆಚ್ಚು ಸುರಕ್ಷಿತವಾದ ಕಂತು ಅದೇ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹಾಕಿ ರೊಕ್ಕ ಎಣಿಸುವ ರೈತರು ಆ ಕಾಲಕ್ಕೇ ಸರಿಯಾಗಿ ವರ್ಷದ್ದನ್ನು ಒಮ್ಮೆ ಕಟ್ಟಿಬಿಡುವುದು ಲೇಸು. ಮುಂಗಾರಿನಲ್ಲಿ ಬೀಜ ಗೊಬ್ಬರಕ್ಕೆ ಕೈ ಖಾಲಿಯಾದಾಗ ಕಂತು ಕಾಡಬಾರದು. ದರದಲ್ಲೂ ವ್ಯತ್ಯಾಸವಿದೆ: ಕಂತಿಗೆಂದು ಹೆಚ್ಚು ಕೇಳುವ ಕಂಪನಿಗಳಿವೆ, ಕೇಳದವೂ ಇವೆ. ವರ್ಷಕ್ಕೆ 18,000 ಇದ್ದು ಕಂತು 1,550 ಎಂದರೆ 600 ರೂಪಾಯಿ ಹೆಚ್ಚು. ಹನ್ನೆರಡರಿಂದ ಗುಣಿಸಿ ನೋಡದೆ ಸಹಿ ಹಾಕಬೇಡಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ, 21,000ದೊಳಗೆ ಪಗಾರ ಇರುವ ಕಾರ್ಖಾನೆ ಕಾರ್ಮಿಕರಿಗೆ ಸರ್ಕಾರಿ ಕಾರ್ಮಿಕ ವಿಮೆಯಾದ ಇಎಸ್‌ಐ ಇರುತ್ತದೆ. ಅವರು ಕಂತಿನ ಹೊರೆ ಹೊರುವ ಮೊದಲು ಇವನ್ನು ಬಳಸಿಕೊಳ್ಳಲಿ.

ಹಣ ಗ್ರೇಸ್ ಅವಧಿಯೊಳಗೆ ಕಟ್ಟಿದ್ದರೂ ಪಾಲಿಸಿ ರದ್ದೆಂದು ಕಂಪನಿ ಹೇಳಿದರೆ, ರಸೀದಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಸೇರಿಸಿ ಅದರ ಕುಂದುಕೊರತೆ ಅಧಿಕಾರಿಗೆ ಬರಹದಲ್ಲೇ ದೂರು ಕೊಡಿ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲಿನಲ್ಲಿ ಅಥವಾ 155255ಕ್ಕೆ ಕರೆ ಮಾಡಿಯೂ ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ವಿಮಾ ದೂರುಗಳನ್ನು ತೀರ್ಮಾನಿಸುವ, ಕರ್ನಾಟಕಕ್ಕೆ ಸಂಬಂಧಿಸಿದ ವಿಮಾ ಓಂಬುಡ್ಸ್‌ಮನ್ ಕಚೇರಿ ಬೆಂಗಳೂರಿನಲ್ಲಿದೆ. ದೂರನ್ನು ಆನ್‌ಲೈನಿನಲ್ಲೇ ಹಾಕಬಹುದು, ಶುಲ್ಕವಿಲ್ಲ, ವಕೀಲರೂ ಬೇಡ. ಕಂಪನಿಯ ತಿರಸ್ಕಾರದ ಪತ್ರ ಕೈಸೇರಿ ಒಂದು ವರ್ಷದೊಳಗೆ ಹೋಗಬೇಕು.